ದೇಹಕ್ಕೆ ಧರಿಸುವ ಗ್ಲೂಕೋಸ್ ಸೆನ್ಸರ್: ಸಾರ್ವಜನಿಕರಿಗೆ ಮಾಹಿತಿ

ಬೆರಳ ತುದಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆಯು ಆ ಕ್ಷಣದ ಸಕ್ಕರೆ ಪ್ರಮಾಣವನ್ನು ಮಾತ್ರ ತಿಳಿಸುತ್ತದೆ. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಸೂಚಿಸುತ್ತದೆ. ರಾತ್ರಿ ನಿದ್ರೆಯಲ್ಲಿ ಸಕ್ಕರೆ ಪ್ರಮಾಣವು ಅಪಾಯದ ಮಟ್ಟಕ್ಕೆ ಕುಸಿದು ಮತ್ತೆ ಏರಿದಲ್ಲಿ ಇವೆರಡರಿಂದಲೂ ಅದು ತಿಳಿಯದೆ ಹೋಗಬಹುದು. ಈ ಕೊರತೆಯನ್ನು ನೀಗಿಸಲು ದೇಹಕ್ಕೆ ಧರಿಸುವ ಗ್ಲೂಕೋಸ್ ಸೆನ್ಸರ್ ನೆರವಾಗುತ್ತದೆ.

ಕಾರ್ಯವಿಧಾನ

ತೋಳು ಅಥವಾ ಹೊಟ್ಟೆಯ ಮೇಲೆ ಅಂಟಿಸುವ ಈ ಸಾಧನದ ಸೂಕ್ಷ್ಮ ಎಳೆಯು ಚರ್ಮದ ಅಡಿಯಲ್ಲಿರುತ್ತದೆ. ಇದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆ. ಆದುದರಿಂದ ಸಕ್ಕರೆ ಪ್ರಮಾಣ ವೇಗವಾಗಿ ಬದಲಾಗುತ್ತಿರುವಾಗ ಸೆನ್ಸರಿನ ಅಂಕಿಯು ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದೆ ಉಳಿಯುತ್ತದೆ.

ಯಾರಿಗೆ ಉಪಯುಕ್ತ

ಟೈಪ್ 1 ಮಧುಮೇಹ ಉಳ್ಳವರು, ದಿನಕ್ಕೆ ಹಲವು ಬಾರಿ ಇನ್ಸುಲಿನ್ ಪಡೆಯುವವರು ಹಾಗೂ ಸಕ್ಕರೆ ಕುಸಿತದ ಮುನ್ಸೂಚನೆ ಅರಿವಿಗೆ ಬಾರದವರಿಗೆ ಇದು ವಿಶೇಷವಾಗಿ ಪ್ರಯೋಜನಕಾರಿ.

ಚಿಕಿತ್ಸೆಯಲ್ಲಿ ಬಳಕೆ

2019ರ ಅಂತರರಾಷ್ಟ್ರೀಯ ತಜ್ಞರ ಶಿಫಾರಸಿನಂತೆ, ಬಹುತೇಕ ವಯಸ್ಕರಲ್ಲಿ ದಿನದ ಶೇ. 70ಕ್ಕಿಂತ ಹೆಚ್ಚು ಕಾಲ, ಅಂದರೆ ಸುಮಾರು 17 ಗಂಟೆ, ಸಕ್ಕರೆ ಪ್ರಮಾಣವು 70ರಿಂದ 180 ಮಿ.ಗ್ರಾಂ. ನಡುವೆ ಇರಬೇಕು. 70ಕ್ಕಿಂತ ಕಡಿಮೆ ಇರುವ ಅವಧಿಯು ಒಂದು ಗಂಟೆಯನ್ನು ಮೀರಬಾರದು. ವೃದ್ಧರಿಗೆ ಗುರಿಯು ಬೇರೆಯಾಗಿರುತ್ತದೆ. ಊಟ, ಔಷಧಿ ಮತ್ತು ವ್ಯಾಯಾಮದ ವೇಳೆಯನ್ನು ಬರೆದಿಟ್ಟುಕೊಂಡು ವರದಿಯೊಂದಿಗೆ ವೈದ್ಯರಿಗೆ ತೋರಿಸತಕ್ಕದ್ದು. ಯಾರೂ ಪರಿಶೀಲಿಸದ ವರದಿಯಿಂದ ಚಿಕಿತ್ಸೆ ಸುಧಾರಿಸುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ಬೆವರು, ನಡುಕ, ತಲೆಸುತ್ತು ಇದ್ದು ಸೆನ್ಸರ್ ಸಾಮಾನ್ಯ ಅಂಕಿ ತೋರಿಸಿದಲ್ಲಿ ಸೆನ್ಸರನ್ನು ನಂಬಿ ಸುಮ್ಮನಿರದೆ ಕೂಡಲೇ ಬೆರಳಿನ ರಕ್ತ ಪರೀಕ್ಷೆ ಮಾಡಿಕೊಳ್ಳತಕ್ಕದ್ದು.
2. ಪ್ರಮಾಣವು 70ಕ್ಕಿಂತ ಕಡಿಮೆಯಿದ್ದಲ್ಲಿ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಸೇವಿಸಿ, 15 ನಿಮಿಷಗಳ ನಂತರ ಮರುಪರೀಕ್ಷೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.
3. ವಿಟಮಿನ್ ಸಿ, ಪ್ಯಾರಸಿಟಮಾಲ್ ಮುಂತಾದವು ಕೆಲವು ಮಾದರಿಗಳ ಅಂಕಿಯನ್ನು ತಪ್ಪಾಗಿಸಬಲ್ಲವು. ಸೇವಿಸುವ ಔಷಧಿಗಳನ್ನು ವೈದ್ಯರಿಗೆ ತಿಳಿಸಬೇಕು.
4. ಎಂ.ಆರ್.ಐ. ಪರೀಕ್ಷೆಗೆ ಮುನ್ನ ಸೆನ್ಸರ್ ಧರಿಸಿರುವುದನ್ನು ಸಿಬ್ಬಂದಿಗೆ ತಿಳಿಸಬೇಕು.
5. ಚರ್ಮವನ್ನು ಚುಚ್ಚದೆಯೇ ಸಕ್ಕರೆ ಅಳೆಯುವುದಾಗಿ ಹೇಳಿಕೊಳ್ಳುವ ಕೈಗಡಿಯಾರ ಮತ್ತು ಉಂಗುರಗಳನ್ನು ಬಳಸದಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಫೆಬ್ರವರಿ 2024ರಲ್ಲಿ ಎಚ್ಚರಿಸಿದೆ. ಅವುಗಳ ಅಂಕಿಯನ್ನು ಆಧರಿಸಿ ಇನ್ಸುಲಿನ್ ಪಡೆಯಬಾರದು.

ವೈದ್ಯರ ಸಲಹೆ ಪಡೆಯದೆ ಔಷಧಿಯ ಪ್ರಮಾಣವನ್ನು ಬದಲಾಯಿಸಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.