ಭೂಪಟದ ಪದರಗಳು: ವಿಭಜನೆ ಮತ್ತು ಸಂಯೋಜನೆ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ತುಂಗಭದ್ರೆಯೂ ಹರಿಯುತ್ತವೆ. ನದಿಗಳು ಅಲ್ಲಿಯೇ ಇದ್ದರೂ ಮನುಷ್ಯನು ಎಳೆದ ಗಡಿಗಳು ಬದಲಾಗಿವೆ. ೧೯೯೭ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ೨೦೧೧ರ ಜನಗಣತಿಯ ಕಾಲದಲ್ಲಿ ಮಾನ್ವಿ ತಾಲ್ಲೂಕಿನಲ್ಲಿದ್ದ ಸಿರವಾರವು ತರುವಾಯ ತಾನೇ ಒಂದು ತಾಲ್ಲೂಕಾಯಿತು. ಹಾಗಾದರೆ ಅಂದಿನ ಮಾನ್ವಿಯ ಅಂಕಿಗಳನ್ನು ಇಂದಿನ ಮಾನ್ವಿಗೆ ಹೊಂದಿಸುವುದೆಂತು?

ಗಣಕಯಂತ್ರದಲ್ಲಿ ಭೂಪಟವು ಒಂದೇ ಹಾಳೆಯಲ್ಲ. ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳಂತಹ ಪದರಗಳ ಸಮೂಹ. ಗ್ರಾಮಗಳದು ಒಂದು ಪದರ, ಕಾಲುವೆಗಳದು ಇನ್ನೊಂದು, ಮಣ್ಣಿನದು ಮತ್ತೊಂದು. ಪದರದ ಪ್ರತಿಯೊಂದು ಆಕೃತಿಗೂ ಕೋಷ್ಟಕದಲ್ಲಿ ಒಂದು ಸಾಲಿರುತ್ತದೆ. ಗ್ರಾಮದ ಹೆಸರು, ಸಂಕೇತಸಂಖ್ಯೆ, ತಾಲ್ಲೂಕು, ಜನಸಂಖ್ಯೆ ಮೊದಲಾದವು ಅದರಲ್ಲಿ ದಾಖಲಾಗಿರುತ್ತವೆ.

ಈಗ ಜಿಲ್ಲೆಯ ಗ್ರಾಮಪದರವನ್ನು ತಾಲ್ಲೂಕಿನ ಹೆಸರಿಗನುಸಾರವಾಗಿ ವಿಭಜಿಸೋಣ. ರಾಯಚೂರು, ದೇವದುರ್ಗ, ಮಾನ್ವಿಗಳು ಬೇರೆ ಬೇರೆ ಪದರಗಳಾಗುತ್ತವೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ ನೀರುಣಿಸುವುದರಿಂದ ಅವುಗಳ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡುವುದು ಉಚಿತ. ಲೆಕ್ಕ ಮುಗಿದ ಮೇಲೆ ಪದರಗಳನ್ನು ಮತ್ತೆ ಒಂದುಗೂಡಿಸುತ್ತೇವೆ.

ಒಂದುಗೂಡಿಸುವುದರಲ್ಲಿ ಎರಡು ಬಗೆಗಳುಂಟು. ಸಾಲುಗಳನ್ನು ಒಂದೇ ಕೋಷ್ಟಕಕ್ಕೆ ಸೇರಿಸಿದರೆ ಗ್ರಾಮಗಳು ಗ್ರಾಮಗಳಾಗಿಯೇ ಉಳಿಯುತ್ತವೆ. ಒಳಗಡಿಗಳನ್ನು ಅಳಿಸಿದರೆ ತಾಲ್ಲೂಕಿನ ಹೊರರೇಖೆ ಮಾತ್ರ ಉಳಿಯುತ್ತದೆ; ಆ ಮೊತ್ತದಿಂದ ಗ್ರಾಮದ ಅಂಕಿಯನ್ನು ಮರಳಿ ಪಡೆಯಲಾಗದು.

ಉದಾಹರಣೆಗೆ, ೧೦೦ ಚದರ ಕಿಲೋಮೀಟರಿನ ಪ್ರದೇಶವೊಂದರಲ್ಲಿ ೧೦,೦೦೦ ಜನರಿರುವರೆಂದು ಭಾವಿಸೋಣ. ಅದರಿಂದ ೪೦ ಚದರ ಕಿಲೋಮೀಟರು ಬೇರ್ಪಟ್ಟರೆ, ವಿಸ್ತೀರ್ಣದ ಅನುಪಾತದಂತೆ ೪,೦೦೦ ಜನರು ಅತ್ತ ಹೋಗಬೇಕು. ಆದರೆ ಜನರು ಹೊಲದಲ್ಲಿ ಬಿತ್ತಿದ ಕಾಳಿನಂತೆ ಸಮನಾಗಿ ಹರಡಿರುವುದಿಲ್ಲ. ಆ ಭಾಗದಲ್ಲಿ ದೊಡ್ಡ ಊರುಗಳಿದ್ದರೆ ೬,೦೦೦ ಜನರೇ ಇರಬಹುದು. ಆದುದರಿಂದ ಗ್ರಾಮದ ಅಂಕಿಗಳನ್ನು ಕಾಪಾಡಿಕೊಂಡು, ಅವುಗಳನ್ನೇ ಹೊಸ ಗಡಿಗಳಿಗನುಸಾರವಾಗಿ ಕೂಡಿಸುವುದು ಸರಿಯಾದ ಮಾರ್ಗ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಒಂದು ಪದರವು ಅಕ್ಷಾಂಶ ರೇಖಾಂಶಗಳ ಡಿಗ್ರಿಗಳಲ್ಲಿಯೂ ಇನ್ನೊಂದು ಮೀಟರುಗಳಲ್ಲಿಯೂ ಇದ್ದರೆ, ಮೊದಲು ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಒಂದೆಡೆ ‘ಮಾನ್ವಿ’, ಇನ್ನೊಂದೆಡೆ ‘ಮಾನವಿ’ ಎಂದು ಬರೆದಿದ್ದರೆ ಯಂತ್ರವು ಅವನ್ನು ಎರಡು ತಾಲ್ಲೂಕುಗಳೆಂದೇ ತಿಳಿಯುತ್ತದೆ. ಹೆಸರಿಗಿಂತ ಸಂಕೇತಸಂಖ್ಯೆಯೇ ನಂಬಲರ್ಹ.

ಭೌತಶಾಸ್ತ್ರದಲ್ಲಿ ದ್ರವ್ಯರಾಶಿಯ ಸಂರಕ್ಷಣೆಯನ್ನು ಓದಿದವರಿಗೆ ಕೊನೆಯ ಪರೀಕ್ಷೆ ಸುಲಭ: ವಿಭಜನೆಗೆ ಮುಂಚಿನ ಮೊತ್ತವೂ ಸಂಯೋಜನೆಯ ನಂತರದ ಮೊತ್ತವೂ ಸಮನಾಗಿರಬೇಕು. ಅಷ್ಟೇ ಸಾಲದು, ಪ್ರತಿಯೊಂದು ಸಂಕೇತಸಂಖ್ಯೆಯೂ ಒಮ್ಮೆ, ಒಮ್ಮೆ ಮಾತ್ರ, ಬಂದಿರಬೇಕು. ಪಟ್ಟಿಯಿಂದ ಒಂದು ಸಾಲು ಜಾರಿದರೆ, ಅದನ್ನು ನಂಬಿ ಕುಡಿಯುವ ನೀರನ್ನೋ ಬರ ಪರಿಹಾರವನ್ನೋ ಹಂಚುವಾಗ ಒಂದು ಊರಿಗೆ ಊರೇ ಲೆಕ್ಕದಿಂದ ಹೊರಗುಳಿಯುತ್ತದೆ.