ನೀಟ್‌ನಲ್ಲಿ ಅಂಕ ಕಮ್ಮಿ ಬಂದರೆ: ಹೈದರಾಬಾದಿನ ಕನ್ನಡ ಮನೆಗಳಿಗೊಂದು ಲೆಕ್ಕ

ನೀಟ್ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. “ಹುಡುಗಿ ಕ್ವಾಲಿಫೈ ಆಗಿದ್ದಾಳೆ” ಅನ್ನೋದು ಒಂದು, “ಆದ್ರೆ ಸೀಟು ಸಿಗಲ್ವಂತೆ” ಅನ್ನೋದು ಇನ್ನೊಂದು. ಎರಡೂ ನಿಜ.

2025ರಲ್ಲಿ ಸಾಮಾನ್ಯ ವರ್ಗದವರಿಗೆ ಅರ್ಹತೆಯ ಗೆರೆ 720ಕ್ಕೆ 144. ಶೇಕಡಾ ಲೆಕ್ಕ ಹಾಕಿದರೆ ಬರೀ 20. ಆದರೆ ನೀಟ್ ನೋಡುವುದು ಶೇಕಡಾ ಅಲ್ಲ, ಪರ್ಸೆಂಟೈಲ್. ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿದ್ದರೆ ಸಾಕು, ಅರ್ಹತೆ ಸಿಕ್ಕಿತು. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷ ಗೆರೆ ಇಳಿಯುತ್ತದೆ, ಸಲೀಸಾದ ವರ್ಷ ಏರುತ್ತದೆ. 2024ರಲ್ಲಿ ಅದು 162 ಇತ್ತು. 2025ರಲ್ಲಿ ಹೀಗೆ ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟು 1.2 ಲಕ್ಷದ ಆಸುಪಾಸು. ಒಂದು ಸೀಟಿಗೆ ಹತ್ತು ಮಂದಿ ಅರ್ಹರು!

ಇಂಟರ್‌ಮೀಡಿಯೆಟ್ ಬೈಪಿಸಿಯಲ್ಲಿ ಅಂಕ ಕಮ್ಮಿಯಾಯಿತೆಂದು ಅಳುವ ಮಕ್ಕಳಿದ್ದಾರೆ. ಅವರು ಕಣ್ಣೊರೆಸಿಕೊಳ್ಳಬಹುದು. ನೀಟ್ ಬರುವ ಮುಂಚಿನ ಎಂಸೆಟ್ ಕಾಲದಲ್ಲಿ ಇಂಟರ್ ಅಂಕಕ್ಕೆ ಶೇ 25ರಷ್ಟು ತೂಕವಿತ್ತು. ಈಗ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ 50, ಮೀಸಲು ವರ್ಗಕ್ಕೆ ಶೇ 40 ಇದ್ದರೆ ಆ ಅಂಕಪಟ್ಟಿಯ ಕೆಲಸ ಮುಗಿಯಿತು.

ಆಮೇಲೆ ಕೇಳಬೇಕಾದದ್ದು, ನೀಟ್‌ನ ಅಂಕ ಯಾವ ಪಟ್ಟಿಯಲ್ಲಿ ಕಮ್ಮಿ ಎಂದು. ಅಖಿಲ ಭಾರತ ಪಟ್ಟಿಯಲ್ಲಿ ಏನೂ ಅಲ್ಲದ ರ‍್ಯಾಂಕು ರಾಜ್ಯದ ಪಟ್ಟಿಯಲ್ಲಿ, ನಿಮ್ಮ ವರ್ಗದಲ್ಲಿ, ಸೀಟು ತರುವ ರ‍್ಯಾಂಕಾಗಿರಬಹುದು. ತೆಲಂಗಾಣದಲ್ಲಿ ಆ ಪಟ್ಟಿ ಮಾಡಿ ಸೀಟು ಹಂಚುವುದು ವಾರಂಗಲ್‌ನ ಕಾಳೋಜಿ ನಾರಾಯಣರಾವ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ. ಉಸ್ಮಾನಿಯಾ, ಗಾಂಧಿಯಂಥ ಸರ್ಕಾರಿ ಕಾಲೇಜುಗಳು ಕಮ್ಮಿ ಅಂಕದವರಿಗೆ ದೂರದ ಮಾತು, ಅದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಖಾಸಗಿ ಕಾಲೇಜಿನ ಅರ್ಧ ಸೀಟು ಕನ್ವೀನರ್ ಕೋಟಾಕ್ಕೆ ಹೋಗುತ್ತವೆ, ಇತ್ತೀಚಿನವರೆಗೂ ವರ್ಷಕ್ಕೆ 60 ಸಾವಿರ ಶುಲ್ಕ. ಶೇ 35 ಸೀಟು ಬಿ ಕೆಟಗರಿ. ಶುಲ್ಕ ವರ್ಷಕ್ಕೆ ಹನ್ನೊಂದೂವರೆ ಲಕ್ಷದಿಂದ ಮೇಲೆ, ಕೋರ್ಸು ಮುಗಿಯುವಷ್ಟರಲ್ಲಿ ಅರ್ಧ ಕೋಟಿ ದಾಟುತ್ತದೆ. ಉಳಿದ ಶೇ 15 ಸಿ ಕೆಟಗರಿ, ಅಂದರೆ ಎನ್‌ಆರ್‌ಐ ಪಾಲು, ಅಲ್ಲಿ ಶುಲ್ಕ ಇದರ ಎರಡು ಪಟ್ಟಿನವರೆಗೆ. ಈ ಬಿ, ಸಿ ಸೀಟುಗಳೂ ನೀಟ್ ರ‍್ಯಾಂಕಿನ ಮೇಲೆ, ವಿಶ್ವವಿದ್ಯಾಲಯದ ಕೈಯಿಂದಲೇ ಹೋಗುವುದು. “ಅಡ್ವಾನ್ಸ್ ಕೊಡಿ, ಮ್ಯಾನೇಜ್‌ಮೆಂಟ್ ಸೀಟು ಬ್ಲಾಕ್ ಮಾಡಿಸ್ತೀನಿ” ಎನ್ನುವ ದಲ್ಲಾಳಿ ಮಾರುತ್ತಿರುವುದು ಬರೀ ಗಾಳಿ.

ತೆಲಂಗಾಣದ ಪಟ್ಟಿಯಲ್ಲಿ ‘ಲೋಕಲ್’ ಎನಿಸಿಕೊಳ್ಳಲು 2024ರ ನಿಯಮದ ಪ್ರಕಾರ ಒಂಬತ್ತನೇ ತರಗತಿಯಿಂದ ಇಂಟರ್ ಎರಡನೇ ವರ್ಷದವರೆಗೆ ನಾಲ್ಕೂ ವರ್ಷ ಸತತವಾಗಿ ಇಲ್ಲೇ ಓದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ವರ್ಗಾವಣೆಯಾಗುವ ಕೆಲವು ಬಗೆಯ ಸರ್ಕಾರಿ ನೌಕರರ ಮಕ್ಕಳಿಗಷ್ಟೇ ವಿನಾಯಿತಿ. ಕಾಚಿಗುಡದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ಒಳ್ಳೆಯ ಕೋಚಿಂಗ್ ಅಂತ ಇಂಟರ್‌ಗೆ ವಿಜಯವಾಡಕ್ಕೋ ರಾಜಸ್ಥಾನದ ಕೋಟಾಕ್ಕೋ ಸೇರಿಸಿದರೆ ಅವನು ಹುಟ್ಟಿದೂರಿನಲ್ಲೇ ನಾನ್‌ಲೋಕಲ್. ಅಲ್ಲಿ ಗಳಿಸಿದ ಹತ್ತಿಪ್ಪತ್ತು ಅಂಕಕ್ಕಿಂತ ಈ ನಷ್ಟ ದೊಡ್ಡದು. ಅಂಕ ಸಾಧಾರಣ ಎಂದು ಹತ್ತನೇ ತರಗತಿಯಲ್ಲೇ ಗೊತ್ತಾದ ಮಗುವನ್ನಂತೂ ಊರು ಬಿಡಿಸಬೇಡಿ.

ಕನ್ನಡ ಮನೆಗಳಿಗೆ ಇನ್ನೊಂದು ಬಾಗಿಲಿದೆ, ತಿಳಿದವರು ಕಮ್ಮಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಹೊರನಾಡು ಕನ್ನಡಿಗರಿಗೂ ಗಡಿನಾಡು ಕನ್ನಡಿಗರಿಗೂ ಜಾಗವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು; ವಾಸ, ವ್ಯಾಸಂಗದ ಷರತ್ತು ಬೇರೆ ಇವೆ. ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆ ನಾಲ್ಕನೇ ತರಗತಿ ಮಟ್ಟದ್ದು, 50ಕ್ಕೆ 12 ಬಂದರೆ ಸಾಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಎಂದು ಬೆಳೆದ ಮಗುವಿಗೆ ಇದಕ್ಕೆ ಒಂದು ಬೇಸಿಗೆಯ ಕಾಗುಣಿತ ಸಾಕು. ಈ ಪರೀಕ್ಷೆ ಸಿಇಟಿಯ ಹೊತ್ತಿಗೇ, ನೀಟ್ ಫಲಿತಾಂಶಕ್ಕೆ ಮೊದಲೇ ಮುಗಿದುಹೋಗುತ್ತದೆ; ಅಂಕ ಕಮ್ಮಿ ಬಂದಮೇಲೆ ಹುಡುಕಿಕೊಂಡು ಹೋದರೆ ಬಾಗಿಲು ಹಾಕಿರುತ್ತದೆ. ಬೀದರ, ಕಲಬುರಗಿ, ರಾಯಚೂರು ಮೂಲದವರು ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಸಿಗುತ್ತದೆಯೇ ಎಂದೂ ವಿಚಾರಿಸಬೇಕು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8 ಸೀಟು ಆ ಭಾಗದವರಿಗೆ. ಆದರೆ ಪ್ರಮಾಣಪತ್ರವೊಂದೇ ಸಾಲದು, ಪ್ರಾಧಿಕಾರದ ಮೇಲಿನ ಅರ್ಹತಾ ನಿಯಮ ಮೊದಲು ದಾಟಬೇಕು.

ಇನ್ನು ಲಾಂಗ್‌ಟರ್ಮ್. ಒಂದು ವರ್ಷ ಕೂತು ಮತ್ತೆ ಬರೆಯುವುದಕ್ಕೆ ಹೈದರಾಬಾದಿನಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ನನ್ನ ಅಭಿಪ್ರಾಯ: ಬಯಾಲಜಿ ಗಟ್ಟಿಯಿದ್ದು ಫಿಸಿಕ್ಸ್‌ನಲ್ಲಿ ಬಿದ್ದ ಮಗುವಿಗೆ ಆ ವರ್ಷ ದಂಡವಲ್ಲ. 180 ಪ್ರಶ್ನೆಗಳಲ್ಲಿ 90 ಬಯಾಲಜಿಯವೇ. ಬಯಾಲಜಿಯೇ ಕೈಹತ್ತದ ಮಗುವನ್ನು ಮೂರನೇ ಸಲ ಕೂರಿಸುವುದು ಅಪ್ಪ-ಅಮ್ಮನ ಹಟ ಅಷ್ಟೇ.

ವಿದೇಶದಲ್ಲಿ ವೈದ್ಯಕೀಯ ಓದುವುದಕ್ಕೂ ನೀಟ್ ಅರ್ಹತೆ ಬೇಕೇ ಬೇಕು. 2021ರ ನಿಯಮದಂತೆ ಕೋರ್ಸು 54 ತಿಂಗಳಿಗೆ ಕಮ್ಮಿಯಿರಬಾರದು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲಿ ವೈದ್ಯವೃತ್ತಿ ಮಾಡುವ ಅರ್ಹತೆಯೂ ಸಿಗುವಂತಿರಬೇಕು. ವಾಪಸು ಬಂದು, ವಿದೇಶದಲ್ಲಿ ಓದಿದವರ ಪರೀಕ್ಷೆಯಾದ ಎಫ್‌ಎಂಜಿಇಯಲ್ಲಿ 300ಕ್ಕೆ 150 ತೆಗೆಯಬೇಕು. ಇತ್ತೀಚೆಗೆ ಅದರಲ್ಲಿ ಪಾಸಾಗುತ್ತಿರುವವರು ಹತ್ತರಲ್ಲಿ ಎರಡು-ಮೂರು ಮಂದಿ. ಏಜೆಂಟರ ಬಣ್ಣದ ಪುಸ್ತಿಕೆಯಲ್ಲಿ ಈ ಅಂಕಿ ಇರುವುದಿಲ್ಲ, ಕೇಳಿ ನೋಡಿ.

ಕೌನ್ಸೆಲಿಂಗ್ ಶುರುವಾದಮೇಲೆ ವೆಬ್ ಆಪ್ಷನ್ ತುಂಬುವಾಗ ಕಾಲೇಜಿನ ಹೆಸರು ನೋಡಿ ಹತ್ತೇ ಹಾಕಿ ಸುಮ್ಮನಾಗಬೇಡಿ. ಕಮ್ಮಿ ರ‍್ಯಾಂಕಿನವರು ಉದ್ದ ಪಟ್ಟಿ ಕೊಟ್ಟಷ್ಟೂ ಒಳ್ಳೆಯದು. ಹಾಗೆಂದು ಸೇರಲು ಮನಸ್ಸಿಲ್ಲದ, ಶುಲ್ಕ ಕಟ್ಟಲಾಗದ ಕಾಲೇಜನ್ನು ಕೊನೆಯ ಸುತ್ತಿನಲ್ಲಿ ಬರೆಯಬೇಡಿ. ಅಖಿಲ ಭಾರತ ಕೌನ್ಸೆಲಿಂಗ್‌ನ ಸ್ಟ್ರೇ ವೇಕೆನ್ಸಿ ಸುತ್ತಿನಲ್ಲಿ ಸೀಟು ಸಿಕ್ಕಿಯೂ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ವರ್ಷದ ನೀಟ್ ಬರೆಯಲೂ ಬಿಡುವುದಿಲ್ಲ.