ಪುಟದ ರಚನೆ ಮತ್ತು ಅಲಂಕಾರ

ಹಾವೇರಿಯ ಸಮೀಪದ ಅಗಡಿ ಗ್ರಾಮಕ್ಕೆ ಕನ್ನಡ ಪತ್ರಿಕೆಗಳ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾದಂಬರಿಕಾರ ಗಳಗನಾಥರ ಸಂಪಾದಕತ್ವದಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಇಲ್ಲಿಂದ ಹೊರಡುತ್ತಿತ್ತು. ಅಚ್ಚಿನ ಪುಟವೊಂದು ಸಿದ್ಧವಾಗಬೇಕಾದರೆ ಎರಡು ಬಗೆಯ ಕೆಲಸ ನಡೆಯಬೇಕು. ತಲೆಬರಹ ಯಾವುದು, ಕಂಡಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹಸ್ತಪ್ರತಿಯಲ್ಲಿ ಗುರುತಿಸುವುದು ಮೊದಲನೆಯದು. ತಲೆಬರಹಕ್ಕೆ ಎಷ್ಟು ದೊಡ್ಡ ಅಚ್ಚಿನ ಮೊಳೆ, ಸಾಲುಗಳ ನಡುವೆ ಎಷ್ಟು ಅಂತರ ಎಂಬುದನ್ನು ಗೊತ್ತುಪಡಿಸುವುದು ಎರಡನೆಯದು. ಮೊದಲನೆಯದು ರಚನೆ, ಎರಡನೆಯದು ಅಲಂಕಾರ.

ಇಂದು ಮೊಳೆಯಿಲ್ಲದೆ, ಕಾಗದವಿಲ್ಲದೆ ಯಾವ ಹಳ್ಳಿಯ ವಿದ್ಯಾರ್ಥಿಯಾದರೂ ತನ್ನದೊಂದು ಪುಟವನ್ನು ಜಗತ್ತಿನ ಮುಂದಿಡಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದವರಿಗೆ ‘ಸದಸ್ಯ ಪುಟ’ ರಚಿಸಿಕೊಳ್ಳುವ ಅವಕಾಶವುಂಟು. ತಾನು ಬಲ್ಲ ಭಾಷೆಗಳು, ತನ್ನ ಆಸಕ್ತಿಗಳು, ತಾನು ತಿದ್ದಿದ ಲೇಖನಗಳು ಇವನ್ನು ಅಲ್ಲಿ ತಿಳಿಸಬಹುದು. ಅಂಥ ಪುಟವನ್ನು ರೂಪಿಸುವಾಗಲೂ ಹಿಂದಿನ ಎರಡು ಕೆಲಸಗಳೇ ಎದುರಾಗುತ್ತವೆ.

ರಚನೆಯ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದ ಟಿಮ್ ಬರ್ನರ್ಸ್-ಲೀ ಅವರೇ ಇದರ ಜನಕರು. ಇದರಲ್ಲಿ ಬರಹದ ಪ್ರತಿಯೊಂದು ಭಾಗವೂ ಎರಡು ಗುರುತುಗಳ ನಡುವೆ ನಿಲ್ಲುತ್ತದೆ. ಈ ಗುರುತುಗಳಿಗೆ ಟ್ಯಾಗ್ ಎನ್ನುವರು. ‘ಎಚ್2’ ಎಂಬುದು ಉಪಶೀರ್ಷಿಕೆಯ ಟ್ಯಾಗ್. ‘ಪಿ’ ಎಂಬುದು ಕಂಡಿಕೆಯದು. ಭಾಗವು ಮುಗಿದೊಡನೆ ಅದೇ ಅಕ್ಷರಗಳ ಹಿಂದೆ ಓರೆಗೆರೆಯಿಟ್ಟು ಟ್ಯಾಗನ್ನು ಮುಚ್ಚಬೇಕು.

ಅಲಂಕಾರದ ಭಾಷೆ ಸಿಎಸ್‌ಎಸ್. 1994ರಲ್ಲಿ ಹೋಕನ್ ವಿಯುಮ್ ಲೀ ಇದನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದು ಅಧಿಕೃತ ಶಿಫಾರಸಾಯಿತು. ಗುಣದ ಹೆಸರು, ಬಳಿಕ ಎರಡು ಚುಕ್ಕಿ, ಬಳಿಕ ಬೆಲೆ, ಕೊನೆಗೆ ಅರ್ಧವಿರಾಮ: ಇದು ಅದರ ಕ್ರಮ. ಬ್ಯಾಡಗಿ ಮೆಣಸಿನಕಾಯಿಯಂತಹ ಕಡುಗೆಂಪು ತಲೆಬರಹಕ್ಕೆ ಬೇಕೆನಿಸಿದರೆ ‘ಕಲರ್: ಮರೂನ್;’ ಎಂದರಾಯಿತು. ಸದಸ್ಯ ಪುಟದಲ್ಲಿ ಈ ನಿಯಮವನ್ನು ಟ್ಯಾಗಿನ ಒಳಗೇ ‘ಸ್ಟೈಲ್’ ಎಂಬ ಪದಕ್ಕೆ ಜೋಡಿಸಬಹುದು. ಇಡೀ ಬರಹವನ್ನು ‘ಡಿವ್’ ಎಂಬ ಒಂದೇ ಆವರಣದೊಳಗಿಟ್ಟರೆ, ಅದಕ್ಕೆ ವಿಧಿಸಿದ ಅಕ್ಷರದ ಬಣ್ಣ, ಸಾಲಿನ ಅಂತರಗಳು ಒಳಗಿನ ಬರಹಕ್ಕೂ ಅನ್ವಯಿಸುತ್ತವೆ. ಈ ಸಂಕೇತಗಳನ್ನೆಲ್ಲ ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಅವುಗಳ ನಡುವಿನ ಮಾತು ಮಾತ್ರ ಕನ್ನಡದ್ದು.

ಆ ಕನ್ನಡವನ್ನು ಜಾಲದಲ್ಲಿ ಉಳಿಸಿಕೊಟ್ಟದ್ದು ಯೂನಿಕೋಡ್ ವ್ಯವಸ್ಥೆ. ಮೊದಲು ಒಂದೊಂದು ಅಕ್ಷರವಿನ್ಯಾಸಕ್ಕೂ ಒಂದೊಂದು ಸಂಕೇತಕ್ರಮವಿದ್ದು, ಒಂದು ಗಣಕದಲ್ಲಿ ಬರೆದ ಕನ್ನಡವು ಆ ವಿನ್ಯಾಸವಿಲ್ಲದ ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿತು. ‘ಅ’ ಅಕ್ಷರದ ಸಂಖ್ಯೆ 3205. ಆದುದರಿಂದ ವಿನ್ಯಾಸ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಆದರೆ ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳು ಒತ್ತೊತ್ತಾಗಿದ್ದರೆ ಓದು ತೊಡಕಾಗುತ್ತದೆ. ‘ಲೈನ್-ಹೈಟ್: 1.8;’ ಎಂಬ ಒಂದು ನಿಯಮದಿಂದ ಈ ತೊಡಕು ನೀಗುತ್ತದೆ.

ಅಲಂಕಾರದ ಸುಲಭತೆಯೇ ಕೆಲವೊಮ್ಮೆ ಕೇಡಿಗೆ ಕಾರಣವಾಗುವುದುಂಟು. ಬಿಳಿಯ ಮೇಲೆ ಹಳದಿ ಅಕ್ಷರವಿಟ್ಟರೆ ಕಣ್ಣಿಗೆ ಶ್ರಮ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಸಾಧಾರಣ ಬರಹದಲ್ಲಿ ಕನಿಷ್ಠ 4.5ಕ್ಕೆ 1 ಇರಬೇಕೆಂದು ಜಾಲದ ಮಾರ್ಗಸೂಚಿ ಹೇಳುತ್ತದೆ. ದೃಷ್ಟಿಹೀನರಿಗೆ ಗಣಕವೇ ಪುಟವನ್ನು ಓದಿ ಹೇಳುತ್ತದೆ. ಅದು ಬಣ್ಣವನ್ನು ಕಾಣದು; ಟ್ಯಾಗುಗಳನ್ನು ಅನುಸರಿಸಿ ತಲೆಬರಹವನ್ನೂ ಕಂಡಿಕೆಯನ್ನೂ ಬೇರ್ಪಡಿಸುತ್ತದೆ. ಅಕ್ಷರವನ್ನು ದಪ್ಪಗೊಳಿಸಿದ ಮಾತ್ರಕ್ಕೆ ಅದು ತಲೆಬರಹವಾಗದು. ಇನ್ನು ದೂರವಾಣಿ ಸಂಖ್ಯೆ, ಮನೆಯ ವಿಳಾಸಗಳನ್ನು ಅಪರಿಚಿತರೆಲ್ಲ ಕಾಣುವ ಪುಟದಲ್ಲಿ ಬರೆಯದಿರುವುದೇ ವಿವೇಕ.

ಪುಟವು ಬರೆದವನ ಹೆಸರಿನಲ್ಲಿದ್ದರೂ ಅದು ಇರುವುದು ಓದುವವನಿಗಾಗಿ. ರಚನೆ ಗಟ್ಟಿಯಾಗಿದ್ದು ಅಲಂಕಾರ ಹಿತಮಿತವಾಗಿದ್ದರೆ ಮಾತು ತಾನಾಗಿಯೇ ಓದುಗನನ್ನು ಮುಟ್ಟುತ್ತದೆ.